ಸೇವೆಗೆ ಓದ್ತಿರೋ ಹುಡುಗ "ನಂಬಿಕೆ ಹೋಗಿದೆ" ಅಂತ ಬಂದಾಗ

ಗುರುತು ಸಿಗೋ ವಿವರ ಎಲ್ಲಾ ತೆಗೆದಿದೀನಿ, ಅವನನ್ನ ಕೇಳಿಯೇ ಬರೀತಿರೋದು. ಬಿ.ಟಿಎಚ್, ಅಂದ್ರೆ ಚರ್ಚ್ ಸೇವೆಗೆ ಹೋಗೋರು ಓದೋ ಕ್ರೈಸ್ತ ದೇವತಾಶಾಸ್ತ್ರದ ಡಿಗ್ರಿ, ಅದರ ಎರಡನೇ ವರ್ಷದ ಹುಡುಗ. ಕೂತವನೇ "ಸರ್, ನಂಗೆ ನಂಬಿಕೆ ಹೋಗಿದೆ, ಆದ್ರೆ ಭಾನುವಾರ ಚರ್ಚಲ್ಲಿ ನಂದೇ ಪ್ರಸಂಗ ಇದೆ" ಅಂದ.

ಮೊದಲ ವರ್ಷ ಪಂಚಗ್ರಂಥ, ಅಂದ್ರೆ ಸತ್ಯವೇದದ (ಬೈಬಲ್‌ನ) ಮೊದಲ ಐದು ಪುಸ್ತಕ, ಮೋಶೆನೇ ಬರೆದಿದ್ದಾ ಅನ್ನೋ ಪಾಠ, ಅದರ ಕೊನೇ ಪುಸ್ತಕ ಧರ್ಮೋಪದೇಶಕಾಂಡದ 34ನೇ ಅಧ್ಯಾಯದಲ್ಲಿ ಮೋಶೆ ಸತ್ತಿದ್ದೂ ಇದೆಯಲ್ಲ, ಅದನ್ನ ಹೇಗೋ ಅರಗಿಸಿಕೊಂಡಿದ್ದ. ಈ ವರ್ಷ ಗ್ರೀಕ್ ಜೊತೆ ಹಸ್ತಪ್ರತಿಗಳ ಪಾಠ ಬಂತು. ಮಾರ್ಕನ ಸುವಾರ್ತೆಯ ಕೊನೇ ಅಧ್ಯಾಯ, 16ರ 9ರಿಂದ 20ನೇ ವಚನ ಸಿನಾಯ್ಟಿಕಸ್, ವ್ಯಾಟಿಕಾನಸ್ ಅನ್ನೋ 4ನೇ ಶತಮಾನದ ಪ್ರತಿಗಳಲ್ಲಿ ಇಲ್ಲ, ಯೇಸುವಿನ ಸಮಾಧಿಯಿಂದ ಹೆಂಗಸರು ಹೆದರಿ ಓಡಿಹೋದ್ರು, ಯಾರಿಗೂ ಏನೂ ಹೇಳ್ಲಿಲ್ಲ ಅನ್ನೋದಕ್ಕೇ ಸುವಾರ್ತೆ ನಿಂತೋಗುತ್ತೆ. ಇದು ಹೊಸ ವಿಷಯ ಏನಲ್ಲ, ಸತ್ಯವೇದದ ಅಡಿಟಿಪ್ಪಣಿಯಲ್ಲೂ ಎಷ್ಟೋ ಕಡೆ ಹಾಕಿರ್ತಾರೆ. ಆದ್ರೆ ಇವನ ಅಪ್ಪ ಪಾಸ್ಟರ್, ಲೋಕಕ್ಕೆಲ್ಲ ಹೋಗಿ ಸುವಾರ್ತೆ ಸಾರಿ ಅನ್ನೋ, ಇದೇ ಭಾಗದ 15ನೇ ವಚನ ಹೇಳಿಯೇ ಮಗನನ್ನ ಕಾಲೇಜಿಗೆ ಕಳಿಸಿದ್ದು. ಪೆಟ್ಟು ಬಿದ್ದಿದ್ದು ಅಲ್ಲಿಗೆ.

ನಾನು ಹಸ್ತಪ್ರತಿ ಚರ್ಚೆಗೆ ಹೋಗ್ಲಿಲ್ಲ, ಅದಕ್ಕೆ ಮೇಷ್ಟ್ರಿದಾರೆ. ನಿದ್ದೆ, ಊಟ ಕೇಳ್ದೆ. ವಾರವೆಲ್ಲ ಗ್ರೀಕ್ ಟೆಸ್ಟು, ಹೀಬ್ರೂ ಕ್ರಿಯಾಪದ, ಶನಿವಾರ ರಾತ್ರಿ ಪ್ರಸಂಗ ತಯಾರಿ, ಭಾನುವಾರ ಫೀಲ್ಡ್ ವರ್ಕ್ ಅಂತ ಚರ್ಚ್ ಕೆಲಸ, ಸೋಮವಾರ ಮತ್ತೆ ಕ್ಲಾಸು, ರಜೆ ಅನ್ನೋದೇ ಇಲ್ಲ. ಸಾಯೋ ಯೋಚನೆ ಬರುತ್ತಾ ಅಂತ ನೇರವಾಗೇ ಕೇಳ್ದೆ, ಇಲ್ಲ ಅಂದ. ಹೂಂ ಅಂದಿದ್ರೆ ಅವತ್ತೇ ಡಾಕ್ಟರ್ ಹತ್ರ ಕಳಿಸ್ತಿದ್ದೆ, ಪ್ರಾರ್ಥನೆ ಮಾಡಿದ್ರೆ ಸರಿಹೋಗುತ್ತೆ ಅಂತ ಕೂರೋ ವಿಷಯ ಅಲ್ಲ ಅದು.

ಆಮೇಲೆ ಕೇಳ್ದೆ, ಮಾರ್ಕ್ಸಿಗೂ ಅಲ್ಲದೆ ಪ್ರಸಂಗಕ್ಕೂ ಅಲ್ಲದೆ ಸತ್ಯವೇದ ತೆಗೆದಿದ್ದು ಯಾವಾಗ? ಅವನಿಗೆ ನೆನಪೇ ಆಗ್ಲಿಲ್ಲ. ನನ್ನ ಪ್ರಕಾರ ಗಂಟು ಇರೋದೇ ಇಲ್ಲಿ, ಇವರಿಗೆ ಸಿಲಬಸ್, ಕೆಲಸ, ಪ್ರಾರ್ಥನೆ ಮೂರೂ ಒಂದೇ ಪುಸ್ತಕ, ಬೇರೆ ಕೋರ್ಸಿನವರ ಹಾಗೆ ಸಾಕಾದಾಗ ಪುಸ್ತಕ ಮುಚ್ಚಿಟ್ಟು ದೇವರ ಹತ್ರ ಹೋಗೋಣ ಅಂದ್ರೂ ಅಲ್ಲೂ ಅದೇ ಪುಸ್ತಕ.

ಹೇಳಿದ್ದಿಷ್ಟು. ಫೀಲ್ಡ್ ವರ್ಕ್ ಗೈಡ್ ಹತ್ರ ಹೋಗಿ ಸ್ವಲ್ಪ ದಿನ ಪ್ರಸಂಗ ಬೇಡ, ಮನೆಭೇಟಿ ಆಸ್ಪತ್ರೆ ಭೇಟಿ ಕೊಡಿ ಅಂತ ನೀನೇ ಕೇಳು. ಈ ಸೆಮಿಸ್ಟರಲ್ಲಿ ಕ್ಲಾಸಿಗೆ ಇರೋ ಭಾಗ ಪ್ರಾರ್ಥನೆಗೆ ತಗೋಬೇಡ. ನೋಟ್ಸ್ ಗೀಚದೇ ಇರೋ ಸತ್ಯವೇದದ ಪ್ರತಿ ಇಟ್ಕೊಂಡು ಕೀರ್ತನೆ 88 ಜೋರಾಗಿ ಓದು, ಕತ್ತಲೆಯಲ್ಲೇ ಮುಗಿಯುತ್ತೆ, ಕೊನೇಲಿ ಸ್ತೋತ್ರವೂ ಇಲ್ಲ, ಆದ್ರೂ ಅದು ಪ್ರಾರ್ಥನೆನೇ. ಸಂಶಯನ ಆ ಪಾಠ ಮಾಡಿದ ಮೇಷ್ಟ್ರಿಗೇ ಹೇಳು, ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಹಾಕ್ಬೇಡ. ಕಾಲೇಜ್ ಬಿಡೋದು ತಪ್ಪಲ್ಲ, ಆದ್ರೆ ಪರೀಕ್ಷೆ ಮುಗಿಯೋವರೆಗೂ ಆ ತೀರ್ಮಾನ ಬೇಡ. ಅಪ್ಪನಿಗೆ ಹಸ್ತಪ್ರತಿ ಪಾಠ ಮಾಡೋಕೆ ಹೋಗ್ಬೇಡ, ಸುಸ್ತಾಗಿದೀನಿ, ಸೇವೆಗೆ ಬರ್ಬೇಕು ಅನ್ನೋ ಕರೆ ನಂದಾ ನಿಮ್ದಾ ಗೊತ್ತಾಗ್ತಿಲ್ಲ ಅಂತಷ್ಟೇ ಹೇಳು.

ಗೈಡ್ ಒಪ್ಪಿದ್ರು. ಅಪ್ಪ ಕೋಪ ಮಾಡ್ಕೊಂಡು ಫೋನ್ ಎತ್ತೋದೇ ಬಿಟ್ರು, ಅದಿನ್ನೂ ಬಗೆಹರಿದಿಲ್ಲ. ನಿದ್ದೆ ಪರವಾಗಿಲ್ಲ ಈಗ. ರೋಗಿಗಳ ಹತ್ರ ಕೂತ್ಕೊಳ್ಳೋದು ಹಿಡಿಸಿದೆಯಂತೆ, ಆಸ್ಪತ್ರೆ ಚಾಪ್ಲಿನ್ (ರೋಗಿಗಳಿಗೆ ಧೈರ್ಯ ಹೇಳಿ ಪ್ರಾರ್ಥನೆ ಮಾಡೋ ಸೇವಕ) ಆಗೋಕೆ ಏನು ಮಾಡ್ಬೇಕು ಅಂತ ಕೇಳ್ದ. ಡಿಗ್ರಿ ಮುಗಿಸಿ ಕ್ಲಿನಿಕಲ್ ಪಾಸ್ಟೋರಲ್ ಟ್ರೈನಿಂಗ್, ಅಂದ್ರೆ ಆಸ್ಪತ್ರೇಲಿ ಇಂಥ ಸೇವೆ ಮಾಡೋಕೆ ಕೊಡೋ ತರಬೇತಿ, ತಗೋಬಹುದು ಅಂದೆ, ಪಾಸ್ಟರ್ ಆಗಿ ದೀಕ್ಷೆ ಬೇಕೋ ಬೇಡವೋ ಅನ್ನೋದು ಆಮೇಲಿನ ಮಾತು. ಮುಂದಿನ ಸಲ ಅಪ್ಪನ್ನೂ ಕರ್ಕೊಂಡು ಬರೋಕೆ ಆಗುತ್ತಾ ನೋಡು ಅಂತ ಹೇಳಿ ಕಳಿಸಿದೀನಿ.