ಸೀಳುತುಟಿಯ ಮಗು: ಹಾಲು ಮೊದಲು, ಆಪರೇಷನ್ ಆಮೇಲೆ

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಮಗಳ ಕೂಸಿಗೆ 12 ದಿನ. ಮೇಲ್ತುಟಿ, ಅಂಗುಳ ಎರಡೂ ಸೀಳಿವೆ. ಎಷ್ಟು ಚೀಪಿದರೂ ಹೊಟ್ಟೆ ತುಂಬಲ್ಲ, ಹಾಲು ಮೂಗಲ್ಲಿ ಬರುತ್ತೆ. ಹುಟ್ಟಿದಾಗ 2.6 ಕಿಲೋ, ಈಗ 2.3. ಗ್ರಹಣದಲ್ಲಿ ಹೊರಗೆ ಹೋಗಿದ್ದಕ್ಕೇ ಹೀಗಾಯಿತೆಂದು ಬೀಗರು ಮಗಳನ್ನು ಅನ್ನುತ್ತಿದ್ದಾರೆ. ಈಗಲೇ ಆಪರೇಷನ್ ಮಾಡಿಸಬೇಕೇ?

ಉತ್ತರ: ಆಪರೇಷನ್ನಿಗೆ ಅವಸರವಿಲ್ಲ, ತೂಕಕ್ಕೆ ಇದೆ. ಹುಟ್ಟುತೂಕದಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಇಳಿದಿದೆ. ಇವತ್ತೇ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ.

ಅಂಗುಳ ಮುಚ್ಚಿರದಿದ್ದರೆ ಬಾಯೊಳಗೆ ಹೀರುವ ಸೆಳೆತ ಹುಟ್ಟುವುದಿಲ್ಲ. ಮಗು ಚೀಪಿ ಚೀಪಿ ದಣಿಯುತ್ತದೆ, ಹಾಲು ಮಾತ್ರ ಒಳಗೆ ಹೋಗುವುದಿಲ್ಲ. (ತುಟಿಯಷ್ಟೇ ಸೀಳಿದ್ದರೆ ಬಹಳಷ್ಟು ಮಕ್ಕಳು ಮೊಲೆಯಲ್ಲೇ ಕುಡಿಯುತ್ತವೆ.) ಹಾಗಾಗಿ ತಾಯಿಯ ಹಾಲನ್ನೇ ಕೈಯಿಂದ ಹಿಂಡಿ ಒಳಲೆಯಲ್ಲಿ (ಕೂಸಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಕುಡಿಸಿ. ರಾತ್ರಿಯೂ ಸೇರಿ ಎರಡು ಮೂರು ಗಂಟೆಗೊಮ್ಮೆ ಹಿಂಡದಿದ್ದರೆ ಹಾಲು ಬತ್ತುತ್ತದೆ.

ಕೂಸನ್ನು ಮಲಗಿಸಿ ಕುಡಿಸಬೇಡಿ. ತಲೆ, ಕತ್ತಿಗೆ ಕೈಯಾನಿಸಿ, ಹೆಚ್ಚುಕಡಿಮೆ ಕೂತಂತೆ ಹಿಡಿಯಿರಿ. ಒಳಲೆಯ ಮೂತಿಯನ್ನು ಸೀಳಿಲ್ಲದ ಕಡೆ, ಕೆನ್ನೆಯ ಒಳಬದಿಗೆ ಇಡಿ. ಸ್ವಲ್ಪ ಬಿಟ್ಟು, ನುಂಗಿದ ಮೇಲೆ ಮತ್ತೆ ಬಿಡಿ. ಮಧ್ಯೆ ಮಧ್ಯೆ ತೇಗು ಬರಿಸಿ. ಮೂಗಿನಿಂದ ಹಾಲು ಬಂದರೆ ಹೆದರಬೇಡಿ, ನಿಲ್ಲಿಸಿ ಒರೆಸಿ. ಆದರೆ ಕೆಮ್ಮಿ ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಓಡಿ. ಒಂದು ಸಲದ ಕುಡಿಸುವಿಕೆ ಅರ್ಧ ಗಂಟೆ ದಾಟಬಾರದು, ದಾಟಿದರೆ ಕುಡಿದದ್ದೆಲ್ಲ ದಣಿವಿಗೇ ಖರ್ಚು.

ಲೆಕ್ಕ: ಕಿಲೋಗೆ ದಿನಕ್ಕೆ ಸುಮಾರು 150 ಮಿ.ಲೀ. ಹುಟ್ಟುತೂಕ ಮರಳುವವರೆಗೆ 2.6 ಕಿಲೋ ಹಿಡಿದೇ ಎಣಿಸಿ. ದಿನಕ್ಕೆ 390 ಮಿ.ಲೀ., ಅಂದರೆ ಎರಡು ಗಂಟೆಗೊಮ್ಮೆ 30ರಿಂದ 35. ಈಗ ಕಡಿಮೆ ಕುಡಿಯುತ್ತಿದ್ದರೆ ವೈದ್ಯರ ಸಲಹೆಯಂತೆ ಮೆಲ್ಲಗೆ ಏರಿಸಿ. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ತೂಕ ಏರಬೇಕು. ನೀರು ಬೆರೆಸಿದ ಹಸುವಿನ ಹಾಲು, ಜೇನುತುಪ್ಪ ಬೇಡವೇ ಬೇಡ.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ತುಟಿ, ಅಂಗುಳ ಕೂಡಿಕೊಳ್ಳುವುದು ಬಸಿರಿನ ಮೊದಲ ಮೂರು ತಿಂಗಳೊಳಗೆ, ಎಷ್ಟೋ ಸಲ ಬಸಿರೆಂದು ಗೊತ್ತಾಗುವ ಹೊತ್ತಿಗೇ. ವಂಶವಾಹಿ, ಮೂರ್ಛೆರೋಗದ ಕೆಲವು ಮಾತ್ರೆ, ತಂಬಾಕಿನ ಪಾತ್ರವಿರಬಹುದು, ಬಹುಪಾಲು ಕಾರಣ ಒಂದೇ ಎಂದು ಬೆರಳಿಟ್ಟು ಹೇಳಲಾಗದು. ಹಸಿ ಬಾಣಂತಿಯನ್ನು ಬೈದರೆ ನೊಂದು ಹಾಲೂ ಇಳಿಯದು. ಬೀಗರನ್ನೂ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಕೇಳಲಿ.

ತುಟಿಯ ಆಪರೇಷನ್ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ, ತೂಕ ಸುಮಾರು 5 ಕಿಲೋ, ಹಿಮೋಗ್ಲೋಬಿನ್ 10 ಇದ್ದಾಗ. ಅಂಗುಳಕ್ಕೆ 9ರಿಂದ 18 ತಿಂಗಳೊಳಗೆ; ತಡವಾದರೆ ಮಾತು ಮೂಗಿನಲ್ಲೇ ನಿಲ್ಲುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದು ಉಚಿತ, ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ. ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ: ಇಂಥ ಮಕ್ಕಳಿಗೆ ನಡುಕಿವಿಯಲ್ಲಿ ನೀರು ನಿಂತು ಕೇಳಿಸುವುದು ಮಂದವಾಗುತ್ತದೆ.