ರಾತ್ರಿ ಎರಡು ಗಂಟೆಗೆ ಬರೆದ ಉತ್ತರ

ಹುಡುಗನಿಗೆ 26 ವರ್ಷ, ದಾವಣಗೆರೆಯವನು. ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಬರೆಯುತ್ತಿದ್ದೇನೆ. ಅಪ್ಪನದು ಮಂಡಕ್ಕಿ ಭಟ್ಟಿ. ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕರೆದುಕೊಂಡು ಬಂದವರೂ ಅವರೇ. "ಮೇಡಂ, ಭಟ್ಟಿಗೆ ಬೆಂಕಿ ಹಾಕೋಕೆ ನಾನು ನಸುಕಿಗೆ ಏಳ್ತೀನಿ, ಇವನು ಆಗಲೂ ಮಲಗಿರಲ್ಲ. ಯಾರ ಜೊತೆಗೋ ಜಗಳ ಅಂತೆ, ಮುಖಾನೇ ನೋಡಿಲ್ಲ ಅಂತೆ."

ಜಗಳ ಲಿನಕ್ಸ್ ಕರ್ನಲ್ ಬಗ್ಗೆ, ಅಂದರೆ ಲಿನಕ್ಸ್ ಕಂಪ್ಯೂಟರಿನ ಯಂತ್ರಭಾಗಗಳನ್ನು ನಡೆಸುವ ತಿರುಳು ತಂತ್ರಾಂಶದ ಬಗ್ಗೆ. ಪೆನ್‌ಡ್ರೈವ್ ಸಿಕ್ಕಿಸಿದರೆ ಗುರುತಿಸುವುದು ಕರ್ನಲ್, ಸರಿ. ಆದರೆ ಅದಕ್ಕೆ ಏನು ಹೆಸರು, ಯಾರು ಮುಟ್ಟಬಹುದು ಅನ್ನೋದನ್ನು ಯಾರು ತೀರ್ಮಾನಿಸಬೇಕು? ಅದೂ ಕರ್ನಲ್ ಒಳಗೇ ಇರಲಿ ಅಂತ ಇವನು ನಾಲ್ಕು ತಿಂಗಳ ಭಾನುವಾರಗಳನ್ನೆಲ್ಲ ಕೊಟ್ಟು ಒಂದು ಪ್ಯಾಚ್, ಅಂದರೆ ಕರ್ನಲ್ಲಿಗೆ ಸೇರಿಸುವ ತಿದ್ದುಪಡಿ, ಬರೆದಿದ್ದ. ಇಂಥ ತಿದ್ದುಪಡಿ ನೋಡಿ ಒಪ್ಪುವ ಮೇಂಟೇನರ್ ಒಬ್ಬರು ಎರಡೇ ಸಾಲಿನಲ್ಲಿ ಬೇಡ ಅಂದರು, ಹೆಸರಿಡುವ ಕೆಲಸ ಕರ್ನಲ್ ಹೊರಗೇ ಇರಲಿ ಅಂದರು. ಇವನು ರಾತ್ರಿ ಎರಡಕ್ಕೆ ನಲವತ್ತು ಸಾಲು ಬರೆದು ಕಳಿಸಿದ. ಆ ಎರಡು ಸಾಲನ್ನು ನನ್ನೆದುರು ಫೋನ್ ನೋಡದೆ ಹೇಳಿದ. ತನ್ನ ನಲವತ್ತರಲ್ಲಿ ಒಂದೂ ನೆನಪಿರಲಿಲ್ಲ.

ಉತ್ತರ ಒರಟಾಗಿತ್ತು ಅಂತ ನನಗೂ ಅನಿಸಿತು, ಹಾಗೇ ಹೇಳಿದೆ. ನೋವಾಗಿರುವವರಿಗೆ ಸುಮ್ನೆ "ತಲೆಗೆ ಹಚ್ಕೋಬೇಡ" ಅನ್ನಬಾರದು.

ಈ ವಾದ ಹಿಂದೆಯೂ ನಡೆದಿತ್ತಾ ಅಂತ ಕೇಳಿದಾಗ ಅವನ ಮುಖವೇ ಬದಲಾಯಿತು, ಹೇಳತೊಡಗಿದ. 2000ದಲ್ಲಿ ಸಾಧನಗಳ ಫೈಲುಗಳನ್ನು ನೋಡಿಕೊಳ್ಳುವ, ರಿಚರ್ಡ್ ಗೂಚ್ ಅವರ ಡೆವ್‌ಎಫ್‌ಎಸ್ ಕರ್ನಲ್ ಸೇರಿತು, ಹೆಸರಿಡುವುದೂ ಒಳಗೇ ನಡೆಯುತ್ತಿತ್ತು, 2003ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅದೇ ಕೆಲಸವನ್ನು ಹೊರಗಿಂದ ಮಾಡುವ ಯುಡೆವ್ ಅನ್ನೋ ತಂತ್ರಾಂಶ ತಂದರು, 2006ರಲ್ಲಿ ಡೆವ್‌ಎಫ್‌ಎಸ್ ಅನ್ನು ತೆಗೆದೇಬಿಟ್ಟರು. ಆದರೆ 2009ರಲ್ಲಿ ಡೆವ್‌ಟಿಎಂಪಿಎಫ್‌ಎಸ್ ಬಂತು: ಸಾಧನದ ಫೈಲನ್ನು ಕರ್ನಲ್ಲೇ ಮಾಡಿಕೊಡುತ್ತದೆ, ಉಳಿದ ಹೆಸರು, ಅನುಮತಿ ಯುಡೆವ್ ನೋಡಿಕೊಳ್ಳುತ್ತದೆ.

"ಹಾಗಾದ್ರೆ 2006ರಲ್ಲಿ ತೆಗೆದಿದ್ದು ತಪ್ಪಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಉಗುರು ಕಚ್ಚುತ್ತಾ ಕೂತ. "ಅಲ್ಲ ಮೇಡಂ. ಎರಡು ಕೆಲಸ ಒಂದೇ ಕ್ಷಣಕ್ಕೆ ಬಂದ್ರೆ ಡೆವ್‌ಎಫ್‌ಎಸ್ ಎಡವುತ್ತಿತ್ತು. ರಿಪೇರಿ ಮಾಡೋರೂ ಇರಲಿಲ್ಲ."

ಎರಡನೇ ಭೇಟಿಯಲ್ಲಿ ನಿಜವಾದ ಗಾಯ ಕಂಡಿತು. ಅಪ್ಪ ದಿನಾ ಊಟಕ್ಕೆ ಕೂತಾಗ "ಅದಕ್ಕೆ ದುಡ್ಡು ಕೊಡ್ತಾರಾ?" ಅಂತ ಕೇಳುತ್ತಿದ್ದರಂತೆ. ಪ್ಯಾಚ್ ಸೇರಿದ ದಿನ ತೋರಿಸಬೇಕು ಅಂತ ಇವನು ಕಾದಿದ್ದ. ಮೇಂಟೇನರ್ ಬೇಡ ಅಂದಾಗ ಅಪ್ಪನಿಗೆ ಕೊಡೋಕೆ ಉತ್ತರವೇ ಇಲ್ಲದಂತಾಯಿತು, ಅಲ್ವಾ?

ಅವನಿಗೆ ಹೇಳಿದ್ದು: ರಾತ್ರಿ ಒಂಬತ್ತರ ಮೇಲೆ ಉತ್ತರ ಕಳಿಸಬೇಡ. ಎದುರಿನವರ ವಾದವನ್ನು, ಅವರೇ ಓದಿ ಹೌದು ಅನ್ನುವ ಹಾಗೆ, ಮೊದಲು ಹಾಳೆಯ ಮೇಲೆ ಕನ್ನಡದಲ್ಲಿ ಬರಿ. ಪ್ಯಾಚ್‌ನಲ್ಲಿ ಕರ್ನಲ್‌ಗೇ ಬೇಕಾದ ಭಾಗ ಯಾವುದೋ ಅಷ್ಟನ್ನೇ ಬೇರೆ ಮಾಡು. ಬೆಳಗ್ಗೆ ಫೋನ್ ಮನೆಯಲ್ಲಿಟ್ಟು ಕುಂದುವಾಡ ಕೆರೆ ಸುತ್ತ ಒಂದು ಸುತ್ತು ಹಾಕು. ನಿದ್ದೆ ಎರಡು ವಾರದಲ್ಲಿ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡೋಣ.

ಅಪ್ಪನಿಗೆ: ದುಡ್ಡಿನ ಪ್ರಶ್ನೆ ಒಂದು ತಿಂಗಳು ಬಿಡಿ. ಏನು ಮಾಡ್ತೀಯ, ತೋರಿಸು ಅನ್ನಿ.

ಅವರು ಹಾಗೇ ಕೇಳಿದರಂತೆ. ಮಗ ಅಡುಗೆಮನೆ ಬಾಗಿಲಲ್ಲಿ ಕೂತು ಪೆನ್‌ಡ್ರೈವ್ ಸಿಕ್ಕಿಸಿ, ಪರದೆ ಮೇಲೆ ಸರಸರ ಇಳಿಯುವ ಸಾಲು ತೋರಿಸಿದ. ಅಪ್ಪ ಪೂರ್ತಿ ಕೇಳಿಸಿಕೊಂಡು, "ನಮ್ಮಲ್ಲೂ ಭತ್ತದ ಚೀಲ ಇಳಿಸೋನು ಬೇರೆ, ಗುರುತು ಹಾಕೋನು ಬೇರೆ ಕಣೋ ತಮ್ಮಾ" ಅಂದರಂತೆ. ಮೇಂಟೇನರ್ ಹೇಳಿದ್ದೂ ಅದೇ ಅಂತ ಮಗನಿಗೆ ಅವತ್ತು ರಾತ್ರಿ ಹೊಳೆಯಿತಂತೆ.

ಹೆಸರಿನ ಭಾಗ ಕಿತ್ತು ಚಿಕ್ಕ ಪ್ಯಾಚ್ ಕಳಿಸಿದ್ದಾನೆ. ಕಳೆದ ವಾರ ಬಂದಾಗ ಹೇಳಿದ: "ಮೂರು ತಪ್ಪು ತೋರಿಸಿದ್ದಾರೆ ಮೇಡಂ. ಎರಡು ನಿಜ. ಮೂರನೇದಕ್ಕೆ ನಾಳೆ ಬೆಳಗ್ಗೆ ಬರೀತೀನಿ."