ವಿಮಾನದ ಭಯಕ್ಕೆ ಗೆಳೆಯರು ಕೊಟ್ಟ ಮಾತ್ರೆ ನುಂಗಬಹುದೇ?

ಪ್ರಶ್ನೆ: ನನಗೆ 41 ವರ್ಷ. ಮುಂದಿನ ತಿಂಗಳು ಮಂಗಳೂರಿನಿಂದ ದುಬೈಗೆ ಹೋಗಬೇಕು. ವಿಮಾನ ಮೇಲೇಳುವಾಗ ಎದೆ ಡವಡವ ಎನ್ನುತ್ತದೆ, ಕೈ ಬೆವರುತ್ತದೆ. ಗೆಳೆಯರೊಬ್ಬರು ಆತಂಕ ಕಡಿಮೆ ಮಾಡಲು ತಾವು ನುಂಗುವ ಆಲ್ಪ್ರಜೋಲಮ್ 0.5 ಮಿ.ಗ್ರಾಂ ಮಾತ್ರೆ ಎರಡು ಕೊಟ್ಟಿದ್ದಾರೆ. ಜೊತೆಗೆ ಒಂದು ಪೆಗ್ ಹಾಕಿದರೆ ಚೆನ್ನಾಗಿ ನಿದ್ದೆ ಬರುತ್ತದಂತೆ. ಹೌದೇ?
– ಓದುಗರು, ಉಡುಪಿ

ಉತ್ತರ: ಆ ಮಾತ್ರೆಗಳನ್ನು ವಾಪಸ್ ಕೊಟ್ಟುಬಿಡಿ. ಪೆಗ್ಗಿನ ಯೋಚನೆಯನ್ನಂತೂ ಬಿಟ್ಟೇಬಿಡಿ. ಆಲ್ಪ್ರಜೋಲಮ್ ಮತ್ತು ಮದ್ಯ ಸೇರಿದರೆ ಉಸಿರಾಟ ಕುಗ್ಗುತ್ತದೆ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟೇ ಇರುತ್ತದೆ. ಮುಳ್ಳಯ್ಯನಗಿರಿಯ ತುದಿಯೇ ಸುಮಾರು 6,300 ಅಡಿ. ಹಾಗಾಗಿ ವಿಮಾನದಲ್ಲಿ ರಕ್ತದ ಆಮ್ಲಜನಕ ಮೊದಲೇ ತುಸು ಇಳಿದಿರುತ್ತದೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವವರಿಗೆ, ಶ್ವಾಸಕೋಶದ ಕಾಯಿಲೆಯವರಿಗೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುವವರಿಗೆ ಮದ್ಯ ಮುಟ್ಟದಿದ್ದರೂ ಅಪಾಯವಿದೆ.

ಮಾತ್ರೆ ಕೆಲಸ ಮಾಡುತ್ತದೆ, ನಿಜ. ಅರ್ಧದಿಂದ ಒಂದು ಗಂಟೆಯಲ್ಲಿ ಅದರ ಪರಿಣಾಮ ಶುರುವಾಗುತ್ತದೆ, ಆದರೆ ದೇಹದಿಂದ ಅರ್ಧದಷ್ಟು ಹೊರಹೋಗಲು ಸುಮಾರು 11 ಗಂಟೆ ಬೇಕು. ದುಬೈ ಹಾರಾಟ ಸುಮಾರು ನಾಲ್ಕು ಗಂಟೆಯದು. ಇಳಿದು ಇಮಿಗ್ರೇಷನ್ ಸಾಲಿನಲ್ಲಿ ನಿಂತಾಗಲೂ ಮಂಪರು ಇದ್ದೇ ಇರುತ್ತದೆ. ಆ ದಿನ ಕಾರು ಓಡಿಸುವಂತಿಲ್ಲ. ಕೆಲವರಿಗೆ ಪರಿಣಾಮ ಉಲ್ಟಾ ಹೊಡೆದು ಸಿಟ್ಟು, ಚಡಪಡಿಕೆ, ಗೊಂದಲ ಶುರುವಾಗುವುದೂ ಉಂಟು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಮುಂದಿನ ಪ್ರಯಾಣದ ಪ್ರಶ್ನೆ. ವಿಮಾನಭಯವಿದ್ದ 28 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಕೆಲವರಿಗೆ 1 ಮಿ.ಗ್ರಾಂ ಆಲ್ಪ್ರಜೋಲಮ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ. ಮೊದಲ ಹಾರಾಟದಲ್ಲಿ ಆಲ್ಪ್ರಜೋಲಮ್ ನುಂಗಿದವರು ಭಯ ಕಡಿಮೆಯಾಯಿತು ಎಂದರು. ವಾರದ ನಂತರ ಏನೂ ನುಂಗದೆ ಹಾರಿದಾಗ ಅವರಲ್ಲಿ 71% ಮಂದಿಗೆ ಪ್ಯಾನಿಕ್ ಅಟ್ಯಾಕ್ ಆಯಿತು. ಹುಸಿಮಾತ್ರೆಯವರಲ್ಲಿ ಇದು 29%. ಹೆದರುತ್ತಲೇ ಕೂತು, ಏನೂ ಆಗದೆ ಇಳಿದಾಗ ಮಿದುಳು ಒಂದು ಪಾಠ ಕಲಿಯುತ್ತದೆ. ಮಂಪರಿನಲ್ಲಿ ಆ ಪಾಠ ತಪ್ಪಿಹೋಗುತ್ತದೆ.

ಅಪರೂಪಕ್ಕೊಮ್ಮೆ ಹಾರುವವರಿಗೆ, ಭಯ ತೀರಾ ಜಾಸ್ತಿಯಿದ್ದರೆ, ವೈದ್ಯರು ಕಡಿಮೆ ಪ್ರಮಾಣದಲ್ಲಿ ಬರೆದುಕೊಡುವುದುಂಟು, ಸಾಮಾನ್ಯವಾಗಿ 0.25 ಮಿ.ಗ್ರಾಂ. ಹಾಗೆ ಕೊಟ್ಟರೆ ಅವರನ್ನೇ ಕೇಳಿ, ರಜೆಯ ದಿನ ಮನೆಯಲ್ಲಿ, ಯಾರಾದರೂ ಜೊತೆಗಿರುವಾಗ ಒಮ್ಮೆ ನುಂಗಿ ನೋಡಿ. ಪ್ರಯಾಣದ ದಿನ ಮನೆಯಿಂದಲೇ ನುಂಗಿ ಹೊರಟರೆ, ವಿಮಾನ ತಡವಾದಾಗ ಮಂಪರಿನ ಹೆಚ್ಚಿನ ಪಾಲು ಗೇಟಿನಲ್ಲೇ ಕಳೆದುಹೋಗುತ್ತದೆ. ಆಗ ಇನ್ನೊಂದು ನುಂಗುವ ತಪ್ಪು ಮಾತ್ರ ಮಾಡಬೇಡಿ. ಇದು ಶೆಡ್ಯೂಲ್ ಎಚ್1 ಔಷಧ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರು ಕೊಡುವಂತಿಲ್ಲ. ಯುಎಇಯಲ್ಲಿ ಇನ್ನೂ ಬಿಗಿ: ಅಲ್ಲಿ ಇದು ನಿಯಂತ್ರಿತ ಔಷಧ, ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಸರ್ಕಾರದ ಅನುಮತಿ ಪಡೆಯಬೇಕು. ನಿಮ್ಮ ಹೆಸರಿನ ಚೀಟಿಯಿಲ್ಲದೆ ಗೆಳೆಯರ ಮಾತ್ರೆ ಜೇಬಿನಲ್ಲಿಟ್ಟುಕೊಂಡು ದುಬೈನಲ್ಲಿ ಇಳಿಯುವುದು ಪೊಲೀಸ್ ಕೇಸಿಗೆ ದಾರಿ.

ನಿಮಗೆ ಇನ್ನೂ ಒಂದು ತಿಂಗಳಿದೆ. ಮನಶ್ಶಾಸ್ತ್ರಜ್ಞರ ಬಳಿ ಸಿಬಿಟಿ (ಭಯ ಹುಟ್ಟಿಸುವ ಯೋಚನೆ, ನಡವಳಿಕೆಗಳನ್ನು ಮಾತುಕತೆ, ಅಭ್ಯಾಸಗಳಿಂದ ಬದಲಿಸುವ) ಚಿಕಿತ್ಸೆ ಈಗಲೇ ಶುರುಮಾಡಿ. ರೆಕ್ಕೆಯ ಮೇಲಿನ ಸಾಲಿನಲ್ಲಿ ಸೀಟು ಹಿಡಿಯಿರಿ, ಅಲ್ಲಿ ಕುಲುಕಾಟ ಕಡಿಮೆ. ಎದೆ ಹೊಡೆದುಕೊಳ್ಳತೊಡಗಿದರೆ 4 ಸೆಕೆಂಡು ಉಸಿರು ಎಳೆದು 6 ಸೆಕೆಂಡು ಬಿಡಿ, ಐದು ನಿಮಿಷ ಹಾಗೇ ಮಾಡಿ. ಹೊರಡುವ ಮೊದಲು ಕಾಫಿ ಬೇಡ.

ಪ್ರಶ್ನೆ: ಅಮ್ಮನಿಗೆ 68 ವರ್ಷ, ಮೊದಲ ಸಲ ಅಮೆರಿಕಕ್ಕೆ ಬರುತ್ತಿದ್ದಾರೆ, ಹೆದರಿದ್ದಾರೆ. ಬಸ್ಸಿನ ವಾಂತಿಗೆ ಕೊಡುವ ಅವೊಮಿನ್ ಕೊಟ್ಟು ಮಲಗಿಸಬಹುದೇ?

ಉತ್ತರ: ಬೇಡ. ಅದರಲ್ಲಿರುವ ಪ್ರೊಮೆಥಜಿನ್ ನಿದ್ದೆ ತರಿಸುತ್ತದೆ, ಭಯ ಕಳೆಯುವುದಿಲ್ಲ. ಈ ವಯಸ್ಸಿನಲ್ಲಿ ಬಾಯಿ ಒಣಗುವುದು, ಮೂತ್ರ ಕಟ್ಟುವುದು, ಗೊಂದಲ, ಶೌಚಾಲಯಕ್ಕೆ ಏಳುವಾಗ ಬೀಳುವುದು ಎಲ್ಲ ಆಗಬಹುದು. ಅಲುಗಾಡದೆ ಗಂಟೆಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವವೂ ಹೆಚ್ಚು. ಮೊದಲ ಸಲ ಹೊರಡುವ ಹಿರಿಯರಿಗೆ ಎಷ್ಟೋ ಸಲ ಹಾರಾಟಕ್ಕಿಂತ ನಡುವೆ ವಿಮಾನ ಬದಲಿಸುವ ಚಿಂತೆಯೇ ದೊಡ್ಡದು. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ನೆರವು ಕೇಳಿ. ಸಿಬ್ಬಂದಿ ಒಂದು ಗೇಟಿನಿಂದ ಇನ್ನೊಂದಕ್ಕೆ ಕರೆದೊಯ್ಯುತ್ತಾರೆ.